ಉಲ್ಟಾ ಹಾಕಿದ ಪ್ಲಗ್ಗು

ಹಳೆಯ ಬಲ್ಬಿನಷ್ಟು ಬಡಪಾಯಿ ಸಾಮಾನು ಇನ್ನೊಂದಿಲ್ಲ. ಎರಡು ವೈರುಗಳನ್ನು ಹೇಗೆ ಕೊಟ್ಟರೂ ತಕರಾರಿಲ್ಲದೆ ಹತ್ತುತ್ತದೆ. ಎಲ್ಇಡಿ ಹಾಗಲ್ಲ, ಅದು ಡಯೋಡಿನ ಜಾತಿ. ಬಾವಿಯ ಪೈಪಿನ ತುದಿಯ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಟ್ಟು ಕೆಳಗಿಳಿಯಲು ಬಿಡುವುದಿಲ್ಲವಲ್ಲ, ಡಯೋಡು ಕರೆಂಟಿಗೆ ಮಾಡುವುದೂ ಅಷ್ಟೇ: ಒಂದೇ ದಿಕ್ಕಿಗೆ ದಾರಿ. ಪ್ಲಸ್ ಕೊಡುವಲ್ಲಿ ಮೈನಸ್ ಕೊಟ್ಟರೆ ಹತ್ತದೆ ಸುಮ್ಮನೆ ಕುಳಿತುಬಿಡುತ್ತದೆ. ಯರಗಟ್ಟಿಯ ನನ್ನ ರಿಪೇರಿ ಅಂಗಡಿಗೆ ಬರುವವರಿಗೆಲ್ಲ ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ. ಅವರು ತಲೆ ಅಲ್ಲಾಡಿಸಿ ಹೋಗುತ್ತಾರೆ.

ನಮ್ಮಣ್ಣನೂ ತಲೆ ಅಲ್ಲಾಡಿಸಿದ್ದ. ಅವನದು ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರು. ಟ್ರೇಲರಿನ ಹಿಂದಿನ ಬಲ್ಬುಗಳು ಕುಲುಕಾಟಕ್ಕೆ ಮೇಲಿಂದ ಮೇಲೆ ಹೋಗುತ್ತಿದ್ದವೆಂದು ಈ ಹಂಗಾಮಿನ ಶುರುವಿಗೆ ನಾನೇ ಕೆಂಪು ಎಲ್ಇಡಿ ಕೂರಿಸಿದೆ. ಟ್ರ್ಯಾಕ್ಟರಿನಿಂದ ಟ್ರೇಲರಿಗೆ ಕರೆಂಟು ಕೊಡಲು ಒಂದೇ ಬಗೆಯಲ್ಲಿ ಕೂಡುವ ದಪ್ಪ ಪ್ಲಗ್ಗನ್ನೂ ಹಾಕಿದೆ.

"ಇದನ್ನ ತೆಗೀಬ್ಯಾಡ ನೋಡಣ್ಣಾ. ವೈರ್ ಅದಲಾಬದಲಿ ಆದ್ರ ಲೈಟ್ ಹತ್ತಂಗಿಲ್ಲ."

"ಹೂಂ ಬಿಡ, ಗೊತ್ತಾತು," ಎಂದ.

ಏನು ಗೊತ್ತಾಗಿತ್ತೋ ಅವನಿಗೆ! ನಮ್ಮ ಕಡೆಯ ಕಬ್ಬಿನ ಡ್ರೈವರುಗಳಿಗೊಂದು ರೂಢಿಯಿದೆ. ಖಾಲಿ ಟ್ರೇಲರನ್ನು ಹೊಲದಲ್ಲಿ ಬಿಚ್ಚಿಟ್ಟು ಹೋಗಿ, ತುಂಬಿದ ಮೇಲೆ ಬಂದು ಜೋಡಿಸಿಕೊಳ್ಳುತ್ತಾರೆ. ಎರೆಮಣ್ಣು ಮೆತ್ತಿದ ದಪ್ಪ ಪ್ಲಗ್ಗು ಕೂಡದೆ ಸತಾಯಿಸುತ್ತದೆಂದು ಅದನ್ನು ಕತ್ತರಿಸಿ ಒಗೆದು, ಮನೆಯ ಟೇಬಲ್ ಫ್ಯಾನಿಗಿರುವಂಥ ಎರಡು ಪಿನ್ನಿನ ಪ್ಲಗ್ಗು ಹಾಕಿಬಿಡುತ್ತಾರೆ. ಅದು ಹೇಗೆ ತುರುಕಿದರೂ ಕೂಡುತ್ತದೆ. ಬಲ್ಬಿನ ಕಾಲದಲ್ಲಿ ಅದು ನಡೆಯಿತು. ಅಣ್ಣನೂ ನನಗೆ ಹೇಳದೆ ಅದನ್ನೇ ಮಾಡಿದ್ದ.

ಅದಾಗಿ ತಿಂಗಳ ಮೇಲೆ, ಅವ್ವನ ಕಣ್ಣು ತೋರಿಸಿಕೊಂಡು ಸವದತ್ತಿಯಿಂದ ಸ್ಕೂಟಿಯ ಮೇಲೆ ಬರುತ್ತಿದ್ದೆ. ಅವ್ವ ಹಿಂದೆ ಕುಳಿತಿದ್ದಳು. ಹೊತ್ತು ಮುಳುಗಿತ್ತು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದು ಏನೂ ಕಾಣದಾಯಿತು. ಅದು ದಾಟಿತು ಅನ್ನುವಷ್ಟರಲ್ಲಿ ನನ್ನ ಮುಖದ ಮುಂದೆ ಕಬ್ಬು! ರಸ್ತೆಯಿಲ್ಲ, ಆಕಾಶವಿಲ್ಲ, ಬರೀ ಕಬ್ಬು. ಹ್ಯಾಂಡಲ್ ತಿರುವಿದೆ. ಕಬ್ಬಿನ ಒಂದು ಗಳ ಸ್ಕೂಟಿಯ ಕನ್ನಡಿಯನ್ನು ಕಿತ್ತುಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. "ಯವ್ವಾ!" ಎಂದು ಚೀರಿದವಳು ನಾನೋ ಅವ್ವನೋ ತಿಳಿಯದು. ಇಬ್ಬರೂ ರಸ್ತೆ ಪಕ್ಕದ ಮಣ್ಣಿನಲ್ಲಿ ಬಿದ್ದಿದ್ದೆವು.

ಟ್ರ್ಯಾಕ್ಟರು ನಿಲ್ಲಲಿಲ್ಲ. ಹಾಡು ಜೋರಾಗಿ ಹಚ್ಚಿಕೊಂಡು ಹೋಗುತ್ತಲೇ ಇತ್ತು. ಹಿಂದಿನಿಂದ ಬಂದ ಬೈಕಿನವರೊಬ್ಬರು ಬೆನ್ನಟ್ಟಿ ತುಸು ಮುಂದೆಯೇ ನಿಲ್ಲಿಸಿದರು. ಅವ್ವನ ಕೈಕಾಲು ಮುಟ್ಟಿ ನೋಡಿದೆ, ಎಲ್ಲಾ ನೆಟ್ಟಗಿದ್ದವು, ಆದರೆ ಮಾತಾಡುತ್ತಿಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಯಾವನಲೇ ಅಂವಾ? ಹಿಂದೊಂದು ಲೈಟ್ ಇಲ್ಲ, ಏನಿಲ್ಲ! ಮಂದೀನ ಕೊಲ್ಲಾಕ ಹೊಂಟಿಯೇನಲೇ ಭಾಡ್ಯಾ?"

ತಲೆಗೆ ಟವೆಲ್ ಸುತ್ತಿದ ಡ್ರೈವರ್ ಓಡಿಬಂದ. "ಯಾಕ್ರೀ ಅಕ್ಕಾರ, ಏನಾತ್ರಿ?" ಎಂದ. ಆ ದನಿ ಕೇಳಿ ನನ್ನ ಬೈಗುಳ ಅರ್ಧಕ್ಕೇ ನಿಂತಿತು. ನಮ್ಮಣ್ಣ! ಅವನು ನನ್ನನ್ನು ನೋಡಿದ, ನೆಲದ ಮೇಲಿದ್ದ ಅವ್ವನನ್ನು ನೋಡಿದ, ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕುಳಿತ.

"ಲೈಟ್ ಹತ್ತತಾವ ತಂಗಿ," ಎಂದ, ತೊದಲುತ್ತ. "ದೇವರಾಣಿ, ಮುಂಜಾನಿ ನೋಡೇನಿ."

ಎಲ್ಲಿ ಹತ್ತಿದ್ದವು? ಟ್ರೇಲರಿನ ಹಿಂಭಾಗ ಕಗ್ಗತ್ತಲು. ನಾನು ಮೊಬೈಲ್ ಹಿಡಿದು ಮುಂದೆ ಹೋಗಿ ನೋಡಿದೆ: ಟೇಬಲ್ ಫ್ಯಾನಿನ ಪ್ಲಗ್ಗು, ತುಂಬಿದ ಟ್ರೇಲರು ಜೋಡಿಸುವಾಗ ಉಲ್ಟಾ ತುರುಕಿದ್ದು. ಕಿತ್ತು ತಿರುವಿ ಹಾಕಿದೆ. ಹಿಂದೆ ಎರಡೂ ಲೈಟು ಝಗ್ಗನೆ ಹತ್ತಿದವು; ಇಣುಕಿ ನೋಡಿದರೆ ಮಣ್ಣು ಮೆತ್ತಿದ ಅವ್ವನ ಮುಖವೆಲ್ಲ ಕೆಂಪಾಗಿತ್ತು. ಅಷ್ಟೇ ವ್ಯತ್ಯಾಸ! ಒಂದು ಪ್ಲಗ್ಗು ಆ ಕಡೆ, ಈ ಕಡೆ.

ಮರುದಿನ ಟ್ರೇಲರನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡೆ. ಅವ್ವ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು. ಲೈಟಿನ ಹಿಂದೆ ನಾಲ್ಕು ಡಯೋಡುಗಳನ್ನು ಚೌಕವಾಗಿ ಬೆಸೆದೆ. ಬ್ರಿಜ್ ಎನ್ನುತ್ತಾರೆ ಅದಕ್ಕೆ. ಕರೆಂಟು ಯಾವ ವೈರಿನಿಂದ ಬಂದರೂ ಅವುಗಳಲ್ಲಿ ಎರಡು ದಾರಿ ಬಿಡುತ್ತವೆ, ಎರಡು ತಡೆಯುತ್ತವೆ, ಲೈಟಿಗೆ ಮಾತ್ರ ಯಾವಾಗಲೂ ಸರಿಯಾದ ದಿಕ್ಕಿನಿಂದಲೇ ಸಿಗುತ್ತದೆ. ಅಣ್ಣ ಪ್ಲಗ್ಗನ್ನು ಹೀಗೊಮ್ಮೆ ಹಾಗೊಮ್ಮೆ ಹಾಕಿ ನೋಡಿದ. ಎರಡು ಸಲವೂ ಹತ್ತಿತು. ರಾತ್ರಿಯಿಂದ ಸಪ್ಪಗಿದ್ದವನ ಮುಖದಲ್ಲಿ ಆಗ ಜೀವ ಬಂತು.

"ಇನ್ನ ಚಿಂತಿಲ್ಲ ಬಿಡಬೇ ಅವ್ವಾ," ಎಂದ.

ಅವ್ವ ಆ ಲೈಟನ್ನೇ ನೋಡುತ್ತಿದ್ದಳು.

"ಅಲ್ಲೋ ಯಪ್ಪಾ, ನಾವು ಬಿದ್ದದ್ದು ನಿನಗ ಗೊತ್ತ ಆಗಲಿಲ್ಲ. ಹೌದಿಲ್ಲೋ?"

"ಹಾಡ ಹಚ್ಚಿದ್ನಿಬೇ..."

"ಆ ಬೈಕಿನಾಂವ ಬರಲಿಲ್ಲಂದ್ರ ಫ್ಯಾಕ್ಟರಿಗೆ ಹೋಗಿ ಕಬ್ಬ ಇಳಿಸಿ, ಮನಿಗೆ ಬಂದು ಉಂಡು ಮಲಗತಿದ್ದಿ. ಈ ಲೈಟ್ ಹಾಕಿಸಿ ತಿಂಗಳ ಮ್ಯಾಲಾತು. ಇದಕ್ಕ ಮದಲ ಎಷ್ಟ ಸಲ ಉಲ್ಟಾ ಹಾಕಿದ್ದೋ, ಯಾರ್ಯಾರು ಬಿದ್ದಾರೋ?"

ಅಣ್ಣನ ಕೈಯಲ್ಲಿನ ಪ್ಲಗ್ಗು ಕೆಳಗೆ ಬಿತ್ತು.