ನಮ್ಮದಲ್ಲದ ರಾಜಧಾನಿ

ಊರು ಬಿಟ್ಟು ಊರಿಗೆ ಬಂದ ಇಬ್ಬರು ಕನ್ನಡಿಗರು ಆಂಧ್ರದ ರಾಜಧಾನಿಯ ವಿಷಯಕ್ಕೆ ಮಾತು ಬಿಟ್ಟರು ಎಂದರೆ ವಿಜಯವಾಡದ ನಮ್ಮ ಬ್ಯಾಂಕಿನವರು ಈಗಲೂ ನಗುತ್ತಾರೆ. ನಗಲಿ. ಆ ಇಬ್ಬರಲ್ಲಿ ಒಬ್ಬ ನಾನು. ನನಗೆ ನಗು ಬರುವುದಿಲ್ಲ.

ಇನ್ನೊಬ್ಬ ನನ್ನ ಗೆಳೆಯ. ಇಬ್ಬರೂ ಬಳ್ಳಾರಿಯವರು, ವರ್ಗವಾಗಿ ಬಂದವರು, ಒಂದೇ ಕಟ್ಟಡದಲ್ಲಿ ಎದುರುಬದುರು ಬಾಡಿಗೆ ಮನೆ. ಅವನಿಗೆ ಚರಿತ್ರೆಯ ಹುಚ್ಚು. ಭಾನುವಾರ ಬಂತೆಂದರೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೃಷ್ಣೆ ದಾಟಿ ಅಮರಾವತಿಯ ಕಡೆ ಹೊರಡುತ್ತಿದ್ದ. ಹೊಸ ರಾಜಧಾನಿಗೆ ಆಗಷ್ಟೇ ಅಡಿಗಲ್ಲು ಬಿದ್ದಿತ್ತು. ಬಾಳೆತೋಟಗಳ ನಡುವೆ ಊರೇ ಇಲ್ಲದ ದೊಡ್ಡ ರಸ್ತೆಗಳು ಹರಡಿಕೊಂಡಿದ್ದವು. ಅವನು ಅಲ್ಲೇ ಪಕ್ಕದ, ಶಾತವಾಹನರ ರಾಜಧಾನಿಯಾಗಿದ್ದ ಧರಣಿಕೋಟೆಯ ದಿಬ್ಬದ ಮೇಲೆ ನಿಂತು ಅವರಿಂದಲೇ ಪಾಠ ಶುರು ಮಾಡುತ್ತಿದ್ದ. ಮದ್ರಾಸಿನಿಂದ ಬೇರೆಯಾದ ಆಂಧ್ರಕ್ಕೆ ಕರ್ನೂಲು ರಾಜಧಾನಿಯಾಗಿ ಕಚೇರಿಗಳು ಡೇರೆಯೊಳಗೆ ನಡೆದದ್ದು, ಆಮೇಲೆ ಹೈದರಾಬಾದಿಗೆ ಹೋದದ್ದು, ರಾಜ್ಯ ಒಡೆದು ಅದೂ ಕೈಬಿಟ್ಟುಹೋದದ್ದು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಕರ್ನೂಲಿನ ಆ ಕಾಲದಲ್ಲೇ ನಮ್ಮ ಬಳ್ಳಾರಿ ಮೈಸೂರಿಗೆ ಸೇರಿತಂತೆ. ಹಾಗಾದರೆ ನಮ್ಮಜ್ಜಿ ಒಲೆ ಕದಲಿಸದೆಯೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಳು ಅನ್ನು ಎಂದು ರೇಗಿಸುತ್ತಿದ್ದೆ. ಅವನು ನಗುತ್ತಿರಲಿಲ್ಲ. ಸುತ್ತಿ ಸುತ್ತಿ ರಾಜಧಾನಿ ತನ್ನ ಜಾಗಕ್ಕೇ ಬಂತು, ಇನ್ನು ಕದಲುವುದಿಲ್ಲ ಎನ್ನುತ್ತಿದ್ದ. ಅವನ ಮಾತೆಂದು ನಾನು ನಂಬಿದೆ.

ಆಮೇಲೆ ಸರ್ಕಾರ ಬದಲಾಯಿತು. ರಾಜಧಾನಿ ಒಂದಲ್ಲ, ಮೂರು ಎಂದರು. ಸಚಿವಾಲಯ ವಿಶಾಖಪಟ್ಟಣಕ್ಕೆ ಎಂದರು. ಅರ್ಧ ಎದ್ದ ಕಟ್ಟಡಗಳ ಸುತ್ತ ಜಾಲಿ ಬೆಳೆಯಿತು. ಅದೇ ಹೊತ್ತಿಗೆ ಅವನಿಗೆ ಬಡ್ತಿ ಕೊಟ್ಟು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು.

ನವೆಂಬರ್ ಒಂದು, ರಾಜ್ಯ ಹುಟ್ಟಿದ ದಿನವೆಂದು, ಆಂಧ್ರದವರಿಗೂ ಹಬ್ಬ, ನಮಗೂ ಹಬ್ಬ. ಆ ಸಂಜೆ ಊರಿನ ಒಂದಷ್ಟು ಕನ್ನಡ ಕುಟುಂಬಗಳು ನಮ್ಮ ತಾರಸಿಯ ಮೇಲೆ ಸೇರಿದ್ದವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಆಗಷ್ಟೇ ತಟ್ಟೆಗೆ ಬಿದ್ದಿತ್ತು. ಸಮುದ್ರ ಇರುವ ಊರೇ ರಾಜಧಾನಿಗೆ ಸರಿ ಎಂದು ಅವನು ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ನನಗೆ ಪಿತ್ತ ನೆತ್ತಿಗೇರಿತು. ಬಡ್ತಿ ಸಿಕ್ಕ ಕೂಡಲೇ ಶಾತವಾಹನರನ್ನು ಹೊಳೆಗೆ ಹಾಕಿದೆಯಾ ಎಂದು ಎಲ್ಲರೆದುರು ಕೂಗಾಡಿದೆ. ಅಮರಾವತಿಯಲ್ಲಿ ನಿನ್ನದೇನು ಹೊಲ ಇದೆಯಾ ಎಂದು ಅವನೂ ಏರಿಬಂದ. ರಾಜಧಾನಿಯ ಬಗ್ಗೆ ತಮ್ಮತಮ್ಮಲ್ಲೇ ಒಮ್ಮತವಿಲ್ಲದ ತೆಲುಗು ನೆರೆಯವರು ಮಹಡಿ ಹತ್ತಿ ಬಂದು ನಮ್ಮನ್ನು ಸಮಾಧಾನ ಮಾಡಬೇಕಾಯಿತು. ಅವನು ಹೋಗುವ ದಿನ ಹೇಳಿಹೋಗಲಿಲ್ಲ. ಮನೆಯ ಸಾಮಾನು ಇಳಿಸುವ ಸದ್ದು ಕೇಳುತ್ತಿದ್ದರೂ ನಾನು ಬಾಗಿಲು ತೆಗೆಯಲಿಲ್ಲ.

ವರ್ಷಗಳೇ ಕಳೆದವು. ಭಾನುವಾರಗಳು ಬಿಕೋ ಎನ್ನುತ್ತಿದ್ದವು. ಅವನಿಲ್ಲದೆ ನನಗೆ ಈ ಊರೇ ಬೇಡವಾಗಿತ್ತು, ಆದರೂ ಫೋನ್ ಮಾಡಲು ಹಮ್ಮು ಬಿಡಲಿಲ್ಲ.

ಮತ್ತೆ ಸರ್ಕಾರ ಬದಲಾಗಿ ರಾಜಧಾನಿ ಅಮರಾವತಿಯೇ ಎಂದಾದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ಇನ್ನು ಅವನನ್ನು ವಾಪಸು ಕರೆತರಬಹುದು ಎಂಬ ಹುರುಪಿನಲ್ಲಿ ನಾನು ವಿಶಾಖಪಟ್ಟಣದ ರೈಲು ಹತ್ತಿದೆ. ಅಲ್ಲಿ ಮಧುರವಾಡ ಬಡಾವಣೆಯ ಫ್ಲಾಟಿನ ಬಾಗಿಲು ತೆಗೆದವಳು ಅವನ ಮಗಳು. ತೆಲುಗಿನಲ್ಲಿ ಯಾರು ಬೇಕೆಂದು ಕೇಳಿ, ಗುರುತು ಹತ್ತಿದ ಮೇಲೆ ತಡವರಿಸುತ್ತ ಕನ್ನಡಕ್ಕೆ ಬಂದಳು. ಅವನು ಟಿವಿ ಆರಿಸಿ ಎದ್ದು ಬಂದ. ಮೈ ಇಳಿದುಹೋಗಿತ್ತು. ಕಾಫಿ ಬಂತು. ಏನು ಮಾತಾಡಬೇಕೋ ತಿಳಿಯದೆ ಅಮರಾವತಿಯ ಹೊಸ ಕಟ್ಟಡ, ಕ್ರೇನು ಎಂದೆಲ್ಲ ಶುರು ಮಾಡಿದೆ. ನೀನು ಹೇಳಿದ್ದೇ ನಿಜವಾಯಿತು, ಇನ್ನಾದರೂ ವಾಪಸು ವರ್ಗ ಕೇಳಿಕೋ ಎಂದೆ.

ಅವನು ತನ್ನ ಲೋಟ ಕೆಳಗಿಟ್ಟ.

“ಅವತ್ತು ಬಡ್ತಿ ಬ್ಯಾಡ ಅಂತ ಬರ್ಕೊಡಾಕೆ ರೆಡಿ ಇದ್ದೆನಪ. ನೀನು ಒಂದು ಸಲ ಹೋಗಬ್ಯಾಡಲೇ ಅಂತೀಯೇನೋ ಅಂತ ಕಾದೆ. ನೀನು ಬರೀ ರಾಜಧಾನಿ ಬಗ್ಗೆ ಮಾತಾಡಿದೆ.”

“ಈಗ ಹೇಳ್ತೀನಿ, ಬಾರಲೇ,” ಎಂದೆ.

ಮಗಳ ಕೆಲಸ ಇಲ್ಲೇ, ಅವಳಿಗೆ ಇದೇ ಊರು, ಈ ಮನೆಯನ್ನೂ ಕೊಂಡಾಯಿತು ಎಂದು ಅವನು ಮೆಲ್ಲಗೆ ಹೇಳಿದ. ಕಾಫಿ ಆರಿಹೋಗಿದೆ, ಬಿಸಿ ಮಾಡಿ ತರುತ್ತೇನೆ ಎಂದು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ.