ಅಮ್ಮನೂ ಮಗಳೂ ಒಂದೇ ಕ್ಲಾಸು

ಟೈಲರ್ ಅಂಗಡಿ ನಡೆಸುತ್ತಿದ್ದ ಅಮ್ಮ, ಮಗಳ ಜೊತೆಗೇ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಓದಲು ಸೇರಿದಳು. ಮಗಳಿಗೆ ನಾಚಿಕೆಯೋ ನಾಚಿಕೆ. "ಕ್ಲಾಸಲ್ಲಿ ನನ್ನ ಗುರುತೇ ಇಲ್ಲದ ಹಾಗೆ ಇರಮ್ಮಾ" ಎಂದು ಗೋಗರೆದಳು. ಅಮ್ಮ ನಗುತ್ತಲೇ ಒಪ್ಪಿ, ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂರತೊಡಗಿದಳು.

ಒಂದು ದಿನ ಮೇಷ್ಟ್ರು, ತಂಡ ಕಟ್ಟಿಕೊಂಡು ಸಣ್ಣದೊಂದು ಉದ್ಯಮ ಶುರುಮಾಡಿ ಎಂದರು. "ಹಳೇ ಕೊಡೆ ಬಟ್ಟೇಲಿ ಚೀಲ ಹೊಲಿಯೋಣ" ಅಂತ ಅಮ್ಮ ಅಂದದ್ದೇ ತಡ, "ಆಂಟಿ, ನಾವು ನಿಮ್ಮ ಜೊತೆ!" ಎಂದು ಎಲ್ಲರೂ ಮುತ್ತಿಕೊಂಡರು. ಹಿಂದಿನ ಬೆಂಚಿನಿಂದ ಮಗಳು ದಡಕ್ಕನೆ ಎದ್ದಳು.

"ಅದು ನಮ್ಮಮ್ಮ ಕಣ್ರೋ! ಮೊದಲು ನಾನು!"

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅಮ್ಮ ಸರಿದು ಜಾಗ ಬಿಟ್ಟಳು.

ತಂಡದವರು ಹೊಲಿದು ವಿಶ್ವವಿದ್ಯಾಲಯದ ಅಂಗಳದಲ್ಲಿ ಮಾರಲು ಹರವಿದ ಚೀಲಗಳೆಲ್ಲ ಮಧ್ಯಾಹ್ನದೊಳಗೆ ಮಾರಾಟವಾದವು. "ಇನ್ನಷ್ಟು ಕೊಡೆ ಹುಡುಕೋಣ, ಬಾರಮ್ಮಾ" ಎಂದು ಮಗಳು ಅವಳ ಕೈಹಿಡಿದು ಎಳೆದಳು.