ಲಾಟೀನು ತಾತನ ಕೈ

ಕೀಲೆಣ್ಣೆಯಕ್ಕನ ಮುತ್ತಜ್ಜ ಬಾವಿ ತೋಡುವವನು. ತಾನು ತೋಡಿದ ಬಾವಿಯ ಮೊದಲ ಬೊಗಸೆ ನೀರನ್ನು ಕೆಸರು ಸಮೇತ ತಾನೇ ಕುಡಿದು, ಮೂರು ದಿನ ಹೊಟ್ಟೆ ನೆಟ್ಟಗಿದ್ದರೆ ಮಾತ್ರ ಊರವರಿಗೆ ಕೊಡ ಇಳಿಸಲು ಬಿಡುತ್ತಿದ್ದ. ಅವನ ಮಗ, ಅಂದರೆ ಅಕ್ಕನ ಅಜ್ಜ, ಊರ ನಡುವಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವನು. ಒಂದು ಸಲ ಒಳಗಿನ ಹಲ್ಲುಚಕ್ರ ಮುರಿದು ಗಡಿಯಾರ ನಿಂತಿತು. ಹೊಸ ಚಕ್ರ ಬರಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಆತ ಗೋಪುರದಲ್ಲೇ ಉಂಡು, ಅಲ್ಲೇ ಕೋಳಿನಿದ್ದೆ ಮಾಡಿ, ಜೇಬಿನ ಗಡಿಯಾರ ನೋಡಿಕೊಂಡು ದೊಡ್ಡ ಮುಳ್ಳುಗಳನ್ನು ಹಿಂದಿನಿಂದ ಕೈಯಲ್ಲೇ ತಳ್ಳಿದ. ಕೆಳಗೆ ಓಡಾಡುವ ಒಬ್ಬನಿಗೂ ಸುಳಿವು ಹತ್ತಲಿಲ್ಲ. ಈ ಗುಟ್ಟನ್ನು ಆತ ಬಾಯಿಬಿಟ್ಟದ್ದು ಈ ಮೊಮ್ಮಗಳ ಹತ್ತಿರ ಮಾತ್ರ. ಇನ್ನು ಅಕ್ಕನ ತಾಯಿ ರೈಲು ಡಬ್ಬಿಗಳ ಸೀಟು ಹೊಲಿಯುವವಳು. ಹೊಲಿಗೆ ಬಿಟ್ಟಿದ್ದು ಕಣ್ಣಿಗೆ ಬಿದ್ದರೆ ಕೂತವರನ್ನೇ ಎಬ್ಬಿಸಿ ಸೂಜಿ ಹಾಕುವಂಥ ಹೆಂಗಸು.

ಇಂಥ ಮನೆತನದಲ್ಲಿ ಹುಟ್ಟಿದವಳು ಯಂತ್ರದ ಮುಂದೆ ಸೋಲೊಪ್ಪುವುದುಂಟೇ? ಮೂವತ್ತೊಂದನೆಯ ವಯಸ್ಸಿಗೆ ಅವಳು ಆಟದ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಸೆರಗಿನ ತುದಿ ಯಾವಾಗಲೂ ಕಪ್ಪಗೆ ಜಿಡ್ಡು ಹಿಡಿದಿರುತ್ತಿದ್ದುದರಿಂದ ಕೀಲೆಣ್ಣೆಯಕ್ಕ ಎಂಬ ಹೆಸರು ಅಂಟಿಕೊಂಡಿತು. ಹುಟ್ಟಿದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

ಅವಳ ಪಾಲಿಗೆ ಬಂದ ಆಟದ ಹೆಸರು 'ನಿದ್ದೆಯೂರು'. ಉದ್ದನೆಯ ಕತ್ತಲ ಶೆಡ್ಡು, ಅದರೊಳಗೆ ಹಾವಿನಂತೆ ಸುತ್ತುವ ಹಳಿ, ಹಳಿಯ ಮೇಲೆ ಇಬ್ಬಿಬ್ಬರು ಕೂರುವ ಪುಟ್ಟ ಗಾಡಿಗಳು. ಎರಡೂ ಕಡೆ ಮಲಗಿದ ಊರು, ಎಲ್ಲ ಮೋಟರಿನಿಂದ ಆಡುವ ಬೊಂಬೆಗಳು. ಗೊರಕೆ ಹೊಡೆಯುವ ಬೇಕರಿಯವನು, ಸೂರಿನ ಮೇಲೆ ಬಾಲ ಅಲ್ಲಾಡಿಸುವ ಬೆಕ್ಕು, ಬಟ್ಟೆಯ ಹಿಂದೆ ದೀಪವಿಟ್ಟು ಮಾಡಿದ ಚಂದ್ರ. ಕೊನೆಯ ತಿರುವು ಮಾತ್ರ ಕಾಡಿಗೆಯಂಥ ಕಪ್ಪು. ಅಲ್ಲಿ ಊರ ಕಾವಲುಗಾರ ನಿಂತಿರುತ್ತಿದ್ದ. ಗಾಡಿ ಹತ್ತಿರ ಬಂದಾಗ ಅವನು ಲಾಟೀನು ಎತ್ತಿ ದಾರಿ ತೋರಿಸಬೇಕು, ಬಾಗಿಲು ತೆರೆದುಕೊಳ್ಳಬೇಕು, ಬಿಸಿಲಿಗೆ ಬಂದ ಮಕ್ಕಳು ಕಣ್ಣು ಉಜ್ಜಿಕೊಳ್ಳಬೇಕು. ಅವನ ಅಂಗಿಯನ್ನು ನುಸಿ ತಿಂದಾಗ ಅಕ್ಕ ತನ್ನ ಅಜ್ಜನ ಹಳೆಯ ಉಣ್ಣೆ ಕೋಟು ತಂದು ತೊಡಿಸಿದಳು. ಅಂದಿನಿಂದ ಅವನು ಎಲ್ಲರ ಬಾಯಲ್ಲೂ ಲಾಟೀನು ತಾತ.

ಇಪ್ಪತ್ತೆರಡು ವರ್ಷ ಆ ಆಟ ಒಂದು ದಿನವೂ ನಿಲ್ಲಲಿಲ್ಲ. ವರ್ಷಕ್ಕೊಂದು ಪ್ರಶಸ್ತಿಪತ್ರ ಅಕ್ಕನ ಮನೆಗೆ ಬಂತು. ಮುಂದಿನ ಕೋಣೆಯ ಗೋಡೆಯಲ್ಲಿ ಇಪ್ಪತ್ತೆರಡು ಚೌಕಟ್ಟುಗಳು ಸಾಲಾಗಿ ಇಂದಿಗೂ ಇವೆ. ಎಲ್ಲದರಲ್ಲೂ ಒಂದೇ ಒಕ್ಕಣೆ: ಇವರ ಕೈಯಲ್ಲಿ ಯಂತ್ರ ಕೆಟ್ಟಿದ್ದಿಲ್ಲ. ಬಂದವರು ಗೋಡೆ ನೋಡದೆ ಕೂತರೆ ಅಕ್ಕನಿಗೆ ನೀರು ಕೊಡುವುದೇ ಮರೆತುಹೋಗುತ್ತಿತ್ತು. ಆಮೇಲೆ ಪಾರ್ಕು ಮುಚ್ಚಿತು. ಶೆಡ್ಡು ಕೆಡವಿದರು, ಹಳಿ ಕಿತ್ತರು, ಬೊಂಬೆಗಳು ಗುಜರಿಗೆ ಹೋದವು.

ಇಪ್ಪತ್ತೊಂದು ವರ್ಷ ಕಳೆದ ಮೇಲೂ ನಿದ್ದೆಯೂರನ್ನು ಮರೆಯದ ಒಂದು ಗುಂಪು ಆ ಊರಲ್ಲಿತ್ತು. ಚಿಕ್ಕಂದಿನಲ್ಲಿ ಆ ಗಾಡಿಗಳಲ್ಲಿ ಕೂತವರೇ ಎಲ್ಲರೂ. ಮುಚ್ಚಿದ ಬಟ್ಟೆ ಅಂಗಡಿಯೊಂದರ ಹಜಾರದಲ್ಲಿ ತಿಂಗಳ ಮೊದಲ ಭಾನುವಾರ ಸೇರಿ, ಹಳೆಯ ಫೋಟೋ, ಟಿಕೆಟ್ಟು ಹರವಿಕೊಂಡು ಮಾತಾಡುತ್ತಿದ್ದರು. ಗಡ್ಡದ ಬಸ್ ಡ್ರೈವರೊಬ್ಬ ಮುಂದಾಳು. ಲೆಕ್ಕದ ಮೇಷ್ಟ್ರೊಬ್ಬರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಆಸ್ಪತ್ರೆಯ ನರ್ಸೊಬ್ಬಳು ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಓಡಿ ಬರುವವಳು. ಎಪ್ಪತ್ತನಾಲ್ಕರ ಅಕ್ಕನಿಗೆ ಅಲ್ಲಿ ನಡುವಿನ ಕುರ್ಚಿ.

ಆ ಗುಂಪಿನಲ್ಲಿ ಬಗೆಹರಿಯದ ಜಗಳ ಒಂದೇ. ತಾತ ಲಾಟೀನು ಎತ್ತುತ್ತಿದ್ದನೋ ಇಲ್ಲವೋ? ಎತ್ತಿದ ಎನ್ನುವ ಪಕ್ಷಕ್ಕೆ ಡ್ರೈವರು ನಾಯಕ, ಎತ್ತಲೇ ಇಲ್ಲ ಎನ್ನುವವರಿಗೆ ಮೇಷ್ಟ್ರು. ಅಕ್ಕನನ್ನು ಕೇಳಿದರೆ, ನೋಡಿದವರು ನೋಡಿದ್ದಾರೆ ಬಿಡಿ ಎಂದು ಮಾತು ತಿರುಗಿಸುತ್ತಿದ್ದಳು.

ಹೀಗಿರುವಾಗ ಡ್ರೈವರು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಲಾಟೀನು ತಾತನನ್ನೇ ಹೊತ್ತು ತಂದ. ಕೋಟು ಬಣ್ಣಗೆಟ್ಟಿತ್ತು, ಮೂಗಿನ ತುದಿ ಹಾರಿತ್ತು, ಲಾಟೀನು ಮಾತ್ರ ಕೈಯಲ್ಲೇ ಇತ್ತು. ಮಲಗಿದ ಊರಿನ ಚಿತ್ರ ಬರೆದ ಹಲಗೆಯ ಮುಂದೆ ಒಂದು ಜಗಲಿ ಕಟ್ಟಿ ನಿಲ್ಲಿಸಿದರು. ಅಕ್ಕ ಬಂದವಳೇ ಯಾರೊಂದಿಗೂ ಮಾತಾಡದೆ ಕೋಟಿನ ಗುಂಡಿ ಸರಿಮಾಡಿದಳು. ನೋಡಲು ಬಂದ ನಲವತ್ತು ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೇಷ್ಟ್ರು, ಇವತ್ತು ಜಗಳ ಮುಗಿಸಿಯೇಬಿಡೋಣ ಎಂದು ತಾತನ ಬೆನ್ನಿನ ಮುಚ್ಚಳ ಬಿಚ್ಚಿದರು.

ಒಳಗೆ ಮೋಟರು ಸುಟ್ಟು ಇದ್ದಲಾಗಿತ್ತು. ಅದಕ್ಕೆ ತಂತಿಯಲ್ಲಿ ಕಟ್ಟಿದ ಚೀಟಿ. ಮೇಷ್ಟ್ರು ಗಟ್ಟಿಯಾಗಿ ಓದಿದರು: ಸುಟ್ಟಿದೆ, ಬದಲಾಯಿಸಬೇಕು. ಕೆಳಗೆ ತಾರೀಖು. ಆಟ ಶುರುವಾಗಿ ಮೂರು ವರ್ಷ ತುಂಬಿದ ವಾರದ್ದು.

ಉಳಿದ ಹತ್ತೊಂಬತ್ತು ವರ್ಷ ಕೈ ಎದ್ದಿರಲು ಸಾಧ್ಯವೇ ಇಲ್ಲ ಎಂಬುದು ಲೆಕ್ಕದ ಮಾತು. ನಾಳೆ ಅಚ್ಚಿಗೆ ಹೋಗುವ ನೆನಪಿನ ಪುಸ್ತಕದಲ್ಲಿ ಹಾಗೆಂದೇ ಬರೆಯುತ್ತೇನೆ ಎಂದರು ಮೇಷ್ಟ್ರು. ಡ್ರೈವರು ಗಡ್ಡ ಕೆರೆದುಕೊಂಡು ನೆಲ ನೋಡಿದ. ನರ್ಸು ಜನರ ನಡುವಿನಿಂದ ಮುಂದೆ ಬಂದಳು.

"ಹಾಗಾದ್ರೆ ನಾನು ಕಂಡಿದ್ದು ಏನು ಮೇಷ್ಟ್ರೇ?"

"ಎಳೇ ಕಣ್ಣು ತಂಗಿ. ಬೇಕು ಅನ್ನಿಸಿದ್ದು ಕಾಣುತ್ತೆ."

ನರ್ಸು ಕುಸಿದು ಕೂತು ಮೆಲ್ಲಗೆ ಹೇಳಿಕೊಂಡಳು. ಅವಳ ವಾರ್ಡಿನಲ್ಲಿ ಆಪರೇಷನ್ನಿಗೆ ಹೋಗುವ ಮಕ್ಕಳಿಗೆ ಅವಳು ಹೇಳುವುದು ಇದೊಂದೇ ಕತೆಯಂತೆ. ಕತ್ತಲು ಬರುತ್ತೆ, ಕೊನೆಯ ತಿರುವಿನಲ್ಲಿ ಒಬ್ಬ ತಾತ ಲಾಟೀನು ಎತ್ತುತ್ತಾನೆ, ನನಗೆ ಎತ್ತಿದ್ದ, ನಿನಗೂ ಎತ್ತುತ್ತಾನೆ. ಹನ್ನೆರಡು ವರ್ಷ ಹೇಳಿದ್ದಾಳೆ. "ನಾಳೆ ಬೆಳಿಗ್ಗೆನೂ ಒಂದು ಮಗು ಇದೆ," ಎಂದಳು. "ಸುಳ್ಳು ಅಂತ ಗೊತ್ತಾದ ಮೇಲೆ ಯಾವ ಬಾಯಲ್ಲಿ ಹೇಳಲಿ?"

ಅಕ್ಕನ ಕಣ್ಣು ಚೀಟಿಯ ಮೇಲಿತ್ತು. ಅಕ್ಷರ ಅವಳದೇ. ಈಗ ಬಾಯಿ ಬಿಟ್ಟರೆ ಗೋಡೆಯ ಮೇಲಿನ ಇಪ್ಪತ್ತೆರಡು ಚೌಕಟ್ಟುಗಳಲ್ಲಿ ಹತ್ತೊಂಬತ್ತು ಸುಳ್ಳಾಗುತ್ತವೆ. ಬಿಡದಿದ್ದರೆ ಈ ಹುಡುಗಿ ಸುಳ್ಳಾಗುತ್ತಾಳೆ. ಅಜ್ಜನಾಗಿದ್ದರೆ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಅಜ್ಜನ ಗೋಪುರದ ಕೆಳಗೆ ಯಾರೂ ಹೀಗೆ ಕುಸಿದು ಕೂತಿರಲಿಲ್ಲವಲ್ಲ.

"ಏ ಹುಡುಗಿ," ಎಂದಳು ಅಕ್ಕ. "ಆವತ್ತು ನಿನ್ನ ಚಪ್ಪಲಿ ಒಂದು ಬಿದ್ದುಹೋಗಿತ್ತಾ?"

ನರ್ಸು ತಲೆ ಎತ್ತಿದಳು.

"ನೀಲಿ ಪಟ್ಟಿದು. ಬೇಕರಿಯವನ ಕಾಲ ಹತ್ರ ಸಿಕ್ತು, ಸಂಜೆ ಕಸ ಗುಡಿಸುವಾಗ. ಅವ್ವ ಬೈತಾಳೆ, ಅವ್ವ ಬೈತಾಳೆ ಅಂತ ದಾರಿಯುದ್ದಕ್ಕೂ ಅಳ್ತಾ ಬಂದೆ ನೀನು."

"ಅದನ್ನ ನಾನು ಯಾರಿಗೂ ಹೇಳಿಲ್ಲ ಅಕ್ಕ."

"ನನಗೆ ಯಾರು ಹೇಳಬೇಕು? ಹಲಗೆ ಹಿಂದೆ ನಾನೇ ಇದ್ದೆ. ಅಳು ತುಂಬಿದ ಆ ದನಿ ಇವತ್ತೂ ಹಾಗೇ ಇದೆ."

ಆಮೇಲೆ ಅಕ್ಕ ಎಲ್ಲವನ್ನೂ ಹೇಳಿದಳು. ಮೋಟರು ಸುಟ್ಟಾಗ ಕಚೇರಿಗೆ ಹೋಗಿ ಕೇಳಿದ್ದಳು. ಮುಂದಿನ ತಿಂಗಳು ಎಂದರು, ಆ ತಿಂಗಳು ಬರಲೇ ಇಲ್ಲ. ಕೆಟ್ಟಿದೆ ಎಂದು ಇನ್ನೊಮ್ಮೆ ಬಾಯಿಬಿಟ್ಟು ಹೇಳಲು ಜಂಬ ಬಿಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ತಾತನ ಮೊಣಕೈಗೆ ಕಟ್ಟಿ, ರಾಟೆಯ ಮೇಲೆ ಹಾಯಿಸಿ, ಹಲಗೆಯ ಹಿಂದೆ ನಿಂತು ತಾನೇ ಎಳೆದಳು. ಆದರೆ ಆ ತಿರುವಿನಲ್ಲಿ ಗಾಡಿಗಳು ಒಂದಕ್ಕೊಂದು ಗುದ್ದದಂತೆ ಹಿಡಿಯುವ ಬ್ರೇಕೂ ಅವಳದೇ. ಬ್ರೇಕಿಗೆ ಮೈಭಾರ ಪೂರ್ತಿ ಬೇಕು. ಪ್ರತಿ ಗಾಡಿಗೂ ಒಂದು ಕೈಯನ್ನು ಹಗ್ಗಕ್ಕೆ ಕೊಟ್ಟು, ಇನ್ನೊಂದರಲ್ಲೇ ಬ್ರೇಕು ಒತ್ತಿದರೆ ಭುಜ ಕಿತ್ತು ಬರುತ್ತಿತ್ತು. ಹಾಗಾಗಿ ಕತ್ತಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಅಳು ಕೇಳಿಸಿದ ಗಾಡಿಗೆ ಮಾತ್ರ ಲಾಟೀನು ಏಳುತ್ತಿತ್ತು.

"ಯಂತ್ರ ಕೆಟ್ಟಿತ್ತು," ಎಂದಳು ಕೊನೆಗೆ. "ನನ್ನ ಕೈಯಲ್ಲೇ ಕೆಟ್ಟಿತ್ತು. ಅದನ್ನೂ ಬರ್ಕೊಳ್ಳಿ ಮೇಷ್ಟ್ರೇ."

ನರ್ಸು ಅಳುತ್ತ ನಗುತ್ತಿದ್ದಳು. ಜನರ ಕಣ್ಣು ಮೆಲ್ಲಗೆ ಡ್ರೈವರನ ಕಡೆ ಹೊರಳಿತು. ಎತ್ತಿದ್ದನ್ನು ಕಂಡವರ ನಾಯಕ ಅವನೇ ತಾನೇ?

"ನಾನೇನೂ ಅತ್ತಿಲ್ಲ," ಎಂದ ಅವನು. "ಕಣ್ಣಿಗೆ ಧೂಳು ಬಿದ್ದಿತ್ತು."

"ಆ ಧೂಳಿಗೂ ಹಗ್ಗ ಎಳೆದಿದ್ದೀನಪ್ಪಾ, ಬಿಡು," ಎಂದಳು ಅಕ್ಕ. ಹಜಾರವೇ ಬಿದ್ದುಬಿದ್ದು ನಕ್ಕಿತು.

ಮೇಷ್ಟ್ರು ಮಾತ್ರ ನಗಲಿಲ್ಲ. ನೋಟ್‌ಬುಕ್ಕು ಮುಚ್ಚಿ, ಕನ್ನಡಕ ತೆಗೆದು ಒರೆಸಿದರು.

"ನಾನು ಒಂಬತ್ತು ಸಲ ಹೋಗಿದ್ದೆ ಅಕ್ಕ. ಒಂಬತ್ತು ಸಲಾನೂ ಜೋರಾಗಿ ನಗ್ತಾ ಇದ್ದೆ." ಕನ್ನಡಕ ಮತ್ತೆ ಏರಿಸಿಕೊಂಡು ಅಂದರು: "ಹೆದರಿಕೆಗೇ ನಗ್ತಿದ್ದೆ."

ಅಕ್ಕನ ಎದೆಗೆ ಈ ಮಾತು ನಾಟಿತು. ಹತ್ತೊಂಬತ್ತು ವರ್ಷ ಕಿವಿಯನ್ನೇ ನಂಬಿ ನಿಂತವಳು ಅವಳು. ನಗುತ್ತ ದಾಟಿಹೋದ ಗಾಡಿಗಳು ಎಷ್ಟೋ. ಅದರಲ್ಲಿ ಕೈ ಕೈ ಹಿಚುಕಿಕೊಂಡು ಕೂತ ಮಕ್ಕಳು ಎಷ್ಟೋ.

"ಅದು ನನಗೆ ಕೇಳಿಸಲಿಲ್ಲ ಮೇಷ್ಟ್ರೇ," ಎಂದು ಎದ್ದಳು. "ತಪ್ಪಾಯ್ತು. ಎದುರಿಗೆ ಹೋಗಿ ನಿಂತ್ಕೊಳ್ಳಿ."

ಡ್ರೈವರನ ಬಸ್ಸಿನಿಂದ ಸಾಮಾನು ಕಟ್ಟುವ ಹಗ್ಗ ಬಂತು. ತಾತನ ಮೊಣಕೈಯ ಕೊಕ್ಕೆ ಇನ್ನೂ ಗಟ್ಟಿಯಾಗಿತ್ತು. ಅಕ್ಕ ಹಗ್ಗ ಬಿಗಿದು, ಮೇಲಿನ ತೊಲೆಯ ಮೇಲೆ ಹಾಯಿಸಿ, ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಹಲಗೆಯ ಹಿಂದಕ್ಕೆ ಹೋದಳು. ಯಾರೋ ಲಾಟೀನು ಹೊತ್ತಿಸಿದರು, ಕಿಟಕಿ ಮುಚ್ಚಿದರು, ದೀಪ ಆರಿಸಿದರು. ಕತ್ತಲಲ್ಲಿ ಮೇಷ್ಟ್ರು ಒಬ್ಬರೇ ಜಗಲಿಯ ಮುಂದೆ ನಿಂತರು. ತೊಲೆ ಕಿರ್ ಎಂದಿತು. ಹಳೆಯ ಕೋಟಿನ ತೋಳು ನಡುಗುತ್ತ ಮೇಲಕ್ಕೆ ಹೋಯಿತು. ಲಾಟೀನಿನ ಸಣ್ಣ ಬೆಳಕು ಮೇಷ್ಟ್ರ ಮುಖದ ಮೇಲೆ ಬಿತ್ತು, ಬೇಗ ಇಳಿಯಲಿಲ್ಲ. ಐವತ್ತರ ಹತ್ತಿರದ ಆ ಮನುಷ್ಯ ಈ ಸಲ ನಗಲಿಲ್ಲ.

ದೀಪ ಹಾಕಿದಾಗ ಅಕ್ಕ ಹಲಗೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಎಲ್ಲರೂ ಸುತ್ತ ನೆರೆದರು. ಡ್ರೈವರು, ವಾರದಲ್ಲಿ ಹೊಸ ಮೋಟರು ಕೂರಿಸಿಬಿಡುತ್ತೇನೆ, ನೀವು ಆರಾಮಾಗಿ ಮುಂದೆ ಕೂತು ನೋಡಿ ಎಂದ. ನರ್ಸು ಎಲ್ಲಿಂದಲೋ ಒಂದು ಸ್ಟೂಲು ಎಳೆದು ತಂದು, ಇನ್ನೊಂದು ಕೈಯಿಂದ ಹಗ್ಗ ಬಿಡಿಸಿಕೊಳ್ಳಲು ನೋಡಿದಳು. ಅಕ್ಕ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಮೋಟರು ಬೇಡಪ್ಪ, ಸ್ಟೂಲೂ ಬೇಡ. ಆಗ ಒಂದು ಕೈ ಬ್ರೇಕಿನ ಮೇಲಿತ್ತು. ಈಗ ಎರಡೂ ಖಾಲಿ ಇವೆ. ನೀವು ಒಬ್ಬೊಬ್ಬರಾಗಿ ಎದುರಿಗೆ ಬನ್ನಿ, ಅಷ್ಟು ಸಾಕು."